ಕೆಳಗಿನಿಂದ ಓದುತ್ತಿದ್ದ ಮುನಿರಾಜು ಸರ್

ಮುನಿರಾಜು ಸರ್ ಯಾವ ಕಾಗದವನ್ನೂ ಮೇಲಿನಿಂದ ಓದಿದವರಲ್ಲ. ಮದುವೆ ಕರೆಯೋಲೆ ಕೊಟ್ಟರೂ ಅಷ್ಟೇ, ತಳದಲ್ಲಿರುವ 'ಉಡುಗೊರೆಗಳನ್ನು ಸ್ವೀಕರಿಸಲಾಗುವುದಿಲ್ಲ' ಎಂಬಲ್ಲಿಂದ ಶುರುಮಾಡಿ, ಛತ್ರದ ವಿಳಾಸ, ಮುಹೂರ್ತ ಎಲ್ಲ ದಾಟಿ ಕೊನೆಗೆ ಹುಡುಗ ಹುಡುಗಿಯ ಹೆಸರಿಗೆ ಬರುತ್ತಿದ್ದರು. ಕೈಯಲ್ಲೊಂದು ಸ್ಟೀಲ್ ಸ್ಕೇಲು. ಅದನ್ನು ಕೊನೆಯ ಸಾಲಿನ ಕೆಳಗಿಟ್ಟು ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತಾ, ತುಟಿಯಲ್ಲೇ ಓದಿಕೊಳ್ಳುತ್ತಾ ಹೋಗುವರು. ನೋಡುತ್ತಾ ಕೂತವರಿಗೆ ಪ್ರಾಣ ಹೋಗಿ ಬಂದ ಹಾಗಾಗುತ್ತಿತ್ತು. ಕೇಳಿದರೆ ಒಂದೇ ಮಾತು: "ಮೇಲ್ಗಡೆ ಎಲ್ಲಾ ಮರ್ಯಾದೆ ಇರುತ್ತೆ ಲಾಯರಮ್ಮ. ಕತ್ತು ಕುಯ್ಯೋದು ಕೆಳಗಡೆ."

ನನಗೆ ಅವರು ಸಿಕ್ಕಿದ್ದು ಶಿವಾಜಿನಗರದಲ್ಲಿ, ಒಬ್ಬ ನೋಟರಿಯವರ ಮಳಿಗೆ ಮುಂದೆ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂರಲಾರದೆ ಅಲ್ಲಿ ಅಫಿಡವಿಟ್ ಟೈಪ್ ಮಾಡಿಕೊಡುತ್ತಿದ್ದರು. ನಾನಾಗ ವಕೀಲರ ಕರಿ ಕೋಟು ಹಾಕಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ, ಠೀವಿಗೇನೂ ಕಮ್ಮಿ ಇರಲಿಲ್ಲ. ನಾನು ತಂದ ಕಾಗದದ ತಳದಲ್ಲಿ 'ಸ್ಥಳ: ಮೈಸೂರು' ಅಂತಿದ್ದದ್ದನ್ನು ನೋಡಿ, ನಿಮ್ಮ ಕಕ್ಷಿದಾರರು ಮೈಸೂರಲ್ಲಿ ಸಹಿ ಹಾಕಿದ್ರಾ, ಇಲ್ಲ ನೀವು ಯಾವುದೋ ಹಳೇದನ್ನ ಕಾಪಿ ಹೊಡೆದ್ರಾ ಅಂತ ಕೇಳಿದರು. ಕಾಪಿಯೇ ಹೊಡೆದಿದ್ದೆ. ಸುತ್ತ ನಿಂತಿದ್ದವರೆಲ್ಲ ನಕ್ಕರು. ಸಿಟ್ಟು ಬಂತು ನಿಜ, ಆದರೆ ಮಾರನೇ ದಿನವೂ ಅವರ ಹತ್ತಿರವೇ ಹೋದೆ.

ಆಗ ನಾವು ನಾಲ್ಕು ಜನ ಗೆಳೆಯರು ಸೇರಿ ಅಂತರ್ಜಾಲದಲ್ಲಿ ಒಂದು ಇಂಗ್ಲಿಷ್ ಪತ್ರಿಕೆ ನಡೆಸುತ್ತಿದ್ದೆವು. ಅಂತರರಾಷ್ಟ್ರೀಯ ಕಾನೂನು, ಮಾನವ ಹಕ್ಕು, ಶಾಂತಿ, ಹೀಗೆ ಬಾಯಿ ತುಂಬುವ ವಿಷಯಗಳು. ಎಲ್ಲೋ ಕದನವಿರಾಮ ಮುರಿದರೆ ಇಂದಿರಾನಗರದ ಕಾಫಿ ಅಂಗಡಿಯಲ್ಲಿ ಕೂತು ನಾವು ತೀರ್ಪು ಕೊಡುತ್ತಿದ್ದೆವು. ಒಂದು ಕಾಫಿಗೆ ಮೂರು ಗಂಟೆ ಕೂತರೆ ಯಾರು ತಾನೇ ಸುಮ್ಮನಿರುತ್ತಾರೆ? ಅಲ್ಲಿಂದ ಎಬ್ಬಿಸಿದರು. ಸರ್ ಹಲಸೂರಿನ ತಮ್ಮ ಮನೆಯ ಮಹಡಿ ಮೇಲಿನ ಕೋಣೆ ಕೊಟ್ಟರು. ಹೆಂಡತಿ ತೀರಿಕೊಂಡ ಮೇಲೆ ಕೆಳಗೆ ಅವರೊಬ್ಬರೇ ಇದ್ದರು. ಒಂದೇ ಷರತ್ತು, ಯಾವ ಲೇಖನವೇ ಆಗಲಿ, ಪ್ರಕಟವಾಗುವ ಮುಂಚೆ ಅವರ ಸ್ಕೇಲಿನ ಕೆಳಗೆ ಹಾದು ಹೋಗಬೇಕು. ನಾವು ಒಳಗೊಳಗೇ ನಕ್ಕು ಒಪ್ಪಿಕೊಂಡೆವು.

"ಇಂಗ್ಲಿಷ್ ನನಗೆ ಬೆರಳಲ್ಲಿ ಬರುತ್ತೆ, ಬಾಯಲ್ಲಿ ಬರಲ್ಲ" ಅನ್ನುತ್ತಿದ್ದರು. ಕೆ.ಆರ್. ಪುರಂನಿಂದಾಚೆಯ ಒಂದು ಹಳ್ಳಿಯಲ್ಲಿ ಹುಟ್ಟಿದವರು. ಅಪ್ಪನ ಕಾಲಕ್ಕೇ ಮನೆಯವರೆಲ್ಲ ಬೌದ್ಧರಾಗಿದ್ದರು. ಸರ್ ಒಂದು ದೊಡ್ಡ ಕಾರ್ಖಾನೆಯಲ್ಲಿ ಟೈಪಿಸ್ಟ್ ಆಗಿ ಸೇರಿ, ಅಲ್ಲೇ ತಲೆ ಹಣ್ಣು ಮಾಡಿಕೊಂಡರು. ಅಲ್ಲಿ ಅವರಿಗೆ ನಂಜುಂಡ ಅಂತ ಒಬ್ಬ ಗೆಳೆಯ, ಒಂದೇ ಡಬ್ಬಿಯಲ್ಲಿ ಊಟ ಮಾಡುವಷ್ಟು ಸಲುಗೆ. ಏನೋ ಜಗಳಕ್ಕೆ ಆತನಿಗೆ ಕಂಪನಿಯವರು ಒಂದು ಗುರುವಾರ ದೋಷಾರೋಪಣೆ ಪತ್ರ ಕೊಟ್ಟರು. ಎರಡು ದಿನದಲ್ಲಿ ಉತ್ತರ ಕೊಡದಿದ್ದರೆ ತಪ್ಪು ಒಪ್ಪಿಕೊಂಡಂತೆ ಎಂಬ ಸಾಲು ಪತ್ರದ ತಳದಲ್ಲಿತ್ತು. ಇಂಗ್ಲಿಷ್ ಬಾರದ ನಂಜುಂಡ ಅದನ್ನು ಭಾನುವಾರ ಯಾರೋ ಮೇಷ್ಟ್ರ ಹತ್ತಿರ ಓದಿಸಿದ. ಮೇಷ್ಟ್ರು ಮೇಲಿನಿಂದ ಓದಿ ತಳಕ್ಕೆ ಬರುವ ಹೊತ್ತಿಗೆ ಗಡುವು ಮುಗಿದಿತ್ತು. ಕೆಲಸ ಹೋಯಿತು.

ಸರ್ ಇದನ್ನು ನನಗೆ ಹೇಳಿದ್ದು ಒಂದೇ ಒಂದು ಸಲ. "ಆ ಸಾಲು ಹೊಡೆದಿದ್ದು ಈ ಕೈಯಮ್ಮ. ಆಫೀಸಿನ ಗುಟ್ಟು ಅಂತ ಬಾಯಿ ಮುಚ್ಕೊಂಡಿದ್ದೆ" ಅಂದು ಸ್ಕೇಲನ್ನು ಒರೆಸಿ ಜೇಬಿಗಿಟ್ಟುಕೊಂಡರು.

ಇನ್ನು ನನ್ನ ಕಥೆಗೆ ಬರುತ್ತೇನೆ. ರಾಮಮೂರ್ತಿ ನಗರದ ಒಂದು ಬಾಡಿಗೆ ಮನೆಯಲ್ಲಿ ಒಬ್ಬಾಕೆ ಇದ್ದರು. ಅವರ ಹೆಸರು, ದೇಶ ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬೇಡದ್ದನ್ನು ಬರೆದು ಬುದ್ಧಿ ಕಲಿತಿದ್ದೇನೆ. ಅಕ್ಕ ಅಂತ ಕರೆಯುತ್ತಿದ್ದೆ, ಇಲ್ಲೂ ಹಾಗೇ ಇರಲಿ. ಓದಲು ಬಂದ ಗಂಡನ ಜೊತೆ ಬೆಂಗಳೂರಿಗೆ ಬಂದವರು. ಗಂಡ ಕಾಯಿಲೆಯಿಂದ ತೀರಿಕೊಂಡ, ವೀಸಾ ಮುಗಿಯಿತು. ಅವರ ದೇಶದಲ್ಲಿ ಯುದ್ಧ. ವಾಪಸ್ ಹೋಗಬೇಕೆಂದರೆ ಇಲ್ಲಿಯ ಅನುಮತಿ ಬೇಕು, ಅನುಮತಿಗೆ ಪಾಸ್‌ಪೋರ್ಟ್ ಬೇಕು, ಪಾಸ್‌ಪೋರ್ಟ್ ಕೊಡಬೇಕಾದ ಅವರ ದೇಶದ ಕಚೇರಿಗೆ ಬೀಗ. ಇರುವುದಕ್ಕೂ ಕಾಗದವಿಲ್ಲ, ಹೋಗುವುದಕ್ಕೂ ಕಾಗದವಿಲ್ಲ. ಕಮರ್ಷಿಯಲ್ ಸ್ಟ್ರೀಟ್‌ನ ಅಂಗಡಿಯೊಂದರ ಸೀರೆಗಳಿಗೆ ಕುಚ್ಚು ಕಟ್ಟಿಕೊಂಡು, ಬಾಗಿಲು ಅರ್ಧ ಮುಚ್ಚಿಕೊಂಡು ದಿನ ದೂಡುತ್ತಿದ್ದರು.

ಅವರ ಬಗ್ಗೆ ನಾನೊಂದು ಲೇಖನ ಬರೆದೆ. ಜಂಬವಲ್ಲ, ಚೆನ್ನಾಗಿಯೇ ಬರೆದಿದ್ದೆ. ಹೆಸರು ಬದಲಾಯಿಸಿದ್ದೆ, ದೇಶವನ್ನೂ ಮರೆಮಾಡಿದ್ದೆ. ಆದರೆ ನಮ್ಮ ಕಸುಬಿನವರಿಗೆ ಒಂದು ಚಟ ಇದೆ ನೋಡಿ, ಆಧಾರ ಕೊಡದೆ ಒಂದು ವಾಕ್ಯ ಬರೆಯಲೂ ಮನಸ್ಸು ಒಪ್ಪುವುದಿಲ್ಲ. ಮೇಲೆ ಮುಚ್ಚಿಟ್ಟದ್ದನ್ನೆಲ್ಲ ಹದಿನಾಲ್ಕನೇ ಅಡಿಟಿಪ್ಪಣಿಯಲ್ಲಿ ಬಿಚ್ಚಿಟ್ಟೆ: ಲೇಖಕಿ ನಡೆಸಿದ ಸಂದರ್ಶನ, ಇಂಥ ಅಡ್ಡರಸ್ತೆ, ಹಿಟ್ಟಿನ ಗಿರಣಿಯ ಮೇಲಿನ ಮನೆ, ಇಂಥ ದಿನ. ಸರ್ ಆ ವಾರ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕದಲ್ಲಿ ಮಲಗಿದ್ದರು. ನಾಲ್ಕು ದಿನ ತಡಿಯಮ್ಮ ಅಂತ ಹೇಳಿಯೂ ಇದ್ದರು. ನಮ್ಮ ಜಾಲತಾಣ ನೋಡಿಕೊಳ್ಳುತ್ತಿದ್ದ ಅನ್ವರ್ ಕೂಡ, ಸರ್ ನೋಡಲಿ ಬಿಡು ಅಂದ. ನನಗೆ ತಾಳ್ಮೆ ಎಲ್ಲಿತ್ತು? ಹಾಕಿಯೇಬಿಟ್ಟೆ.

ಅಡಿಟಿಪ್ಪಣಿಯನ್ನು ಯಾರೂ ಓದುವುದಿಲ್ಲ ಅನ್ನುತ್ತಾರೆ. ಆ ಬಡಾವಣೆಯ ವಾಟ್ಸಾಪ್ ಗುಂಪಿನವರು ಓದಿದ್ದು ಅದನ್ನು ಮಾತ್ರ. ಯಾರೋ ಆ ನಾಲ್ಕು ಸಾಲಿನ ಚಿತ್ರ ತೆಗೆದು, ನಮ್ಮ ರಸ್ತೆಯಲ್ಲಿ ವೀಸಾ ಇಲ್ಲದವರು ಇದ್ದಾರೆ ಅಂತ ಹಂಚಿದರು. ಮನೆ ಮಾಲೀಕ ಹೆದರಿ ಎರಡು ದಿನದಲ್ಲಿ ಖಾಲಿ ಮಾಡಿ ಅಂದ. ಪೊಲೀಸ್ ಸ್ಟೇಷನ್‌ನಿಂದ ಅಕ್ಕನಿಗೆ ಕರೆ ಬಂತು. ಜವಾಬ್ದಾರಿ ಹೊರುವವರು ಯಾರಾದರೂ ಬಂದು ಮುಚ್ಚಳಿಕೆ ಬರೆದುಕೊಡಬೇಕು, ಇಲ್ಲದಿದ್ದರೆ ಹೊರದೇಶದವರನ್ನು ಕೂಡಿಹಾಕುವ ಕೇಂದ್ರಕ್ಕೆ ಕಳಿಸುತ್ತೇವೆ ಅಂದರು.

ನಾನು ಹಲಸೂರಿಗೆ ಓಡಿ ಹೋಗಿ ಸರ್ ಮುಂದೆ ಅತ್ತೆ. ಅವರು ಸಮಾಧಾನವನ್ನೂ ಮಾಡಲಿಲ್ಲ, ಬೈಯಲೂ ಇಲ್ಲ. ಲೇಖನದ ಪ್ರತಿ ತಗೋ, ಆಟೋ ಕರಿ ಅಂದರು. ಸ್ಟೇಷನ್‌ಗೆ ಅಂದುಕೊಂಡೆ. ಅವರು ಆಟೋದವನಿಗೆ ಹೇಳಿದ್ದು ರಾಮಮೂರ್ತಿ ನಗರ.

ಅಕ್ಕ ಗಂಟುಮೂಟೆ ಕಟ್ಟಿಟ್ಟು, ಕಿಟಕಿ ಹತ್ತಿರ ಕೂತು ಒಪ್ಪಿಕೊಂಡ ಕೊನೆಯ ಸೀರೆಗೆ ಕುಚ್ಚು ಹಾಕುತ್ತಿದ್ದರು. ಅವರ ಬಗ್ಗೆ ಬರೆದದ್ದನ್ನು ಅವರಿಗೇ ಓದಿ ಹೇಳು ಅಂತ ಸರ್ ನನ್ನನ್ನು ನೆಲದ ಮೇಲೆ ಕೂರಿಸಿದರು. ಇಂಗ್ಲಿಷಿನಿಂದ ಕನ್ನಡಕ್ಕೆ, ಸಿಕ್ಕಿಕೊಂಡಲ್ಲಿ ಹಿಂದಿಗೆ ಬದಲಿಸುತ್ತಾ ಪೂರ್ತಿ ಓದಿದೆ. ಘನತೆಯಿಂದ ಬದುಕುವ ಹಕ್ಕು ಎಂಬ ಸಾಲನ್ನು ತಲೆ ತಗ್ಗಿಸಿಕೊಂಡು ಓದಿದೆ. ಹದಿನಾಲ್ಕನೇ ಟಿಪ್ಪಣಿಯನ್ನೂ ಸರ್ ಓದಿಸಿದರು. ಅಕ್ಕ ದಾರ ಕತ್ತರಿಸಿ ಸೀರೆ ಮಡಿಸಿಟ್ಟರು.

"ಚೆನ್ನಾಗಿದೆ ಬರೆದಿದ್ದು. ಮನೆ ಯಾಕೆ ಹೇಳಿದೆ?" ಅಂದರು.

ನಿಯಮ ಅಕ್ಕ, ಎಲ್ಲಿ ಕೇಳಿದ್ದು ಅಂತ ಆಧಾರ ಕೊಡಬೇಕು ಅಂದೆ.

"ಯಾರು ಕೇಳಿದರು?"

ಯಾರೂ ಕೇಳಿರಲಿಲ್ಲ. ಓದುಗರು ಕೇಳಿರಲಿಲ್ಲ, ನ್ಯಾಯಾಧೀಶರು ಕೇಳಿರಲಿಲ್ಲ. ನಾನು ಎಷ್ಟು ಅಚ್ಚುಕಟ್ಟು ಅಂತ ತೋರಿಸಿಕೊಳ್ಳಲು ಒಬ್ಬ ಹೆಂಗಸಿನ ಬಾಗಿಲು ತೆಗೆದಿಟ್ಟಿದ್ದೆ. ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಲ್ಲಿಂದ ನೇರವಾಗಿ ಸ್ಟೇಷನ್‌ಗೆ ಹೋದೆವು. ನಾನು ಸಹಿ ಹಾಕುತ್ತೇನೆ ಅಂತ ಬಾಯಿಬಿಟ್ಟೆ. ಸ್ವಂತ ಮನೆ ಇದೆಯಾ ಅಂದರು, ಇರಲಿಲ್ಲ. ಸರ್ ಕಪ್ಪು ಕನ್ನಡಕ ಹಣೆಗೇರಿಸಿ, ಮುಚ್ಚಳಿಕೆಯ ತಳಕ್ಕೆ ಸ್ಕೇಲಿಟ್ಟರು. ಅಲ್ಲಿ ಎರಡು ಸಾಲಿದ್ದವು. ಪ್ರತಿ ಸೋಮವಾರ ಆಕೆಯನ್ನು ಕರೆತಂದು ಹಾಜರುಪಡಿಸಬೇಕು. ಜವಾಬ್ದಾರಿ ಹೊತ್ತವರು ಠಾಣೆಯ ಅನುಮತಿಯಿಲ್ಲದೆ ಊರು ಬಿಡುವಂತಿಲ್ಲ. ಸರ್ ತಮ್ಮ ಹಳ್ಳಿಯ ಹಿರಿಯರ ಜೊತೆ ಗಯಾಕ್ಕೆ ಹೋಗಲು ರೈಲಿನ ಟಿಕೆಟ್ ಮಾಡಿಸಿದ್ದು ನನಗೆ ಗೊತ್ತಿತ್ತು. ಕಣ್ಣು ಸರಿ ಮಾಡಿಸಿಕೊಂಡಿದ್ದೇ ಬೋಧಿವೃಕ್ಷವನ್ನು ಚೆನ್ನಾಗಿ ನೋಡಬೇಕು ಅಂತ. ಸರ್, ಗಯಾ ಅಂದೆ. "ಗಯಾ ಎಲ್ಲಿಗೂ ಓಡಿಹೋಗಲ್ಲಮ್ಮ" ಅಂದು ಸಹಿ ಹಾಕಿದರು.

ಅಕ್ಕ ನಮ್ಮ ಮಹಡಿ ಕೋಣೆಗೆ ಬಂದರು, ಪತ್ರಿಕೆ ಬೀದಿಗೆ ಬಂತು. ಸೋಮವಾರಗಳು ಶುರುವಾದವು. ಬೆಳಗ್ಗೆ ಹತ್ತಕ್ಕೆ ಸರ್, ಅಕ್ಕ ಇಬ್ಬರೂ ಸ್ಟೇಷನ್‌ನ ಮರದ ಬೆಂಚಿನ ಮೇಲೆ. ಒಮ್ಮೊಮ್ಮೆ ಅರ್ಧ ಗಂಟೆ, ಒಮ್ಮೊಮ್ಮೆ ಮಧ್ಯಾಹ್ನದವರೆಗೆ. ಸರ್ ಡಬ್ಬಿಯಲ್ಲಿ ರಾಗಿ ರೊಟ್ಟಿ ಒಯ್ಯುತ್ತಿದ್ದರು. ಕಾದು ಕಾದು ಸಾಕಾಗಿ ಅಕ್ಕನಿಗೆ ಕನ್ನಡ ಓದಲು ಕಲಿಸಿದರು, ಅದೂ ಗೋಡೆಯ ಫಲಕಗಳನ್ನು ತಳದ ಸಾಲಿನಿಂದ. ಹಳ್ಳಿಯವರು ಗಯಾಕ್ಕೆ ಹೋಗಿ ಒಂದು ಎಲೆ ತಂದುಕೊಟ್ಟರು. ಸೋದರಳಿಯನ ಮದುವೆ ಕೋಲಾರದಲ್ಲಾಯಿತು, ಅನುಮತಿ ಬರುವಷ್ಟರಲ್ಲಿ ಬೀಗರೂಟ ಮುಗಿದಿತ್ತು. ನಾನೂ ಜೊತೆಗೆ ಹೋಗಿದ್ದ ಒಂದು ಸಲ ಮಾತ್ರ ಸರ್, ಸ್ಟೇಷನ್ ಮೆಟ್ಟಿಲಿಳಿಯುತ್ತಾ, ಈ ವಯಸ್ಸಲ್ಲಿ ನನಗೂ ಹಗ್ಗ ಬಿತ್ತಲ್ಲಮ್ಮ ಅಂದರು.

ಇಷ್ಟಾದ ಮೇಲೆ, ನೋಡಿ ವಿಚಿತ್ರ, ಅದೇ ಲೇಖನಕ್ಕೆ ನನಗೆ ಹೊರದೇಶದ ಒಂದು ಆರು ವಾರದ ತರಬೇತಿಗೆ ಕರೆ ಬಂತು. ಬಚ್ಚಿಟ್ಟೆ. ಅನ್ವರ್ ಬಾಯಿಬಿಟ್ಟ. ಸರ್ ಪತ್ರ ತರಿಸಿಕೊಂಡು, ಎಂದಿನಂತೆ ತಳದಿಂದ ಓದಿದರು. ಕೊನೆಯ ಸಾಲಿನಲ್ಲಿ, ಆಧಾರಗಳನ್ನು ಅಷ್ಟು ಖಚಿತವಾಗಿ ಕೊಟ್ಟಿದ್ದಕ್ಕೆ ವಿಶೇಷ ಮೆಚ್ಚುಗೆ ಅಂತ ಇತ್ತು. ಅವರ ಸ್ಕೇಲು ಅಲ್ಲೇ ಬಹಳ ಹೊತ್ತು ನಿಂತಿತು. ನಾನು ಹೋಗಲ್ಲ ಸರ್ ಅಂದೆ. ಹೋಗಬೇಕು ಅಂತ ಜೀವ ಬಡಿದುಕೊಳ್ಳುತ್ತಿದ್ದುದು ಅವರಿಗೆ ಕಾಣಲಿಲ್ಲವೇ? "ಹೋಗ್ಬಿಟ್ಟು ಬಾ. ನಾನಿದೀನಲ್ಲ" ಅಂದರು. ಬೀದಿಯ ತಿರುವಿನವರೆಗೂ ಬಂದು ಆಟೋ ಹತ್ತಿಸಿದರು. ಅದೇ ಕೊನೆ.

ಐದನೇ ವಾರ ಅನ್ವರ್ ಫೋನ್ ಮಾಡಿದ. ಸೋಮವಾರ ಬೆಳಗ್ಗೆ ಶರ್ಟು ಹಾಕಿಕೊಂಡು, ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಕುರ್ಚಿಯಲ್ಲೇ ಹೋಗಿಬಿಟ್ಟಿದ್ದರಂತೆ. ಅಕ್ಕ ಕೆಳಗಿಳಿದು ಬಂದು ನೋಡಿದ್ದು. ಸ್ಟೇಷನ್‌ನವರು ಒಂದು ವಾರ ಟೈಮ್ ಕೊಟ್ಟಿದ್ದರು. ಈಗ ಸ್ವಂತ ಮನೆಯೇ ಬೇಕು ಅಂತಿಲ್ಲ, ಆದರೆ ಮುಂದಿನ ಸೋಮವಾರ ಬೇರೊಬ್ಬರು ಬಂದು ಸಹಿ ಹಾಕಬೇಕು, ಇಲ್ಲ ಕೇಂದ್ರಕ್ಕೆ. ತರಬೇತಿ ಕೊಟ್ಟವರು ಅಲ್ಲೇ ಒಂದು ವರ್ಷದ ಕೆಲಸ ಕೊಟ್ಟಿದ್ದರು, ತಿಂಗಳೊಳಗೆ ಸೇರಬೇಕಿತ್ತು. ಭಾನುವಾರ ಬೆಂಗಳೂರಿಗೆ ಬಂದಿಳಿದೆ.

ಸೋಮವಾರ ಅದೇ ಬೆಂಚಿನ ಮೇಲೆ ನಾನು, ಅಕ್ಕ. ನಡುವೆ ಸರ್ ಕೂರುತ್ತಿದ್ದಷ್ಟು ಜಾಗ ಬಿಟ್ಟು ಕೂತಿದ್ದೆವು. ನಿಜ ಹೇಳಿಬಿಡುತ್ತೇನೆ, ಎದ್ದು ಓಡಿಹೋಗಬೇಕು ಅನ್ನಿಸಿತು. ಅಕ್ಕನಿಗೆ ಗೊತ್ತಾಯಿತೇನೋ. ನೀನು ಹೋಗು, ನನಗೆ ಒಳಗೂ ಒಂದೇ ಹೊರಗೂ ಒಂದೇ ಅಂದರು. ಆಮೇಲೆ ಕೈಚೀಲದಿಂದ ಆ ಸ್ಟೀಲ್ ಸ್ಕೇಲು ತೆಗೆದು ನನ್ನ ಮಡಿಲಲ್ಲಿಟ್ಟರು.

ಒಳಗಿಂದ ಕರೆದರು. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್ ಹೊಸ ಮುಚ್ಚಳಿಕೆ ಮುಂದಿಟ್ಟ. ನಾನು ತಳಕ್ಕೆ ಸ್ಕೇಲಿಟ್ಟೆ. ಅವೇ ಎರಡು ಸಾಲು, ಸೋಮವಾರದ್ದೊಂದು, ಊರು ಬಿಡುವಂತಿಲ್ಲ ಅನ್ನುವುದೊಂದು, ಒಂದಕ್ಷರವೂ ಬದಲಾಗಿರಲಿಲ್ಲ. ಒಂದು ಸಲ ಓದಿದೆ, ಇನ್ನೊಂದು ಸಲ ಓದಿದೆ. ರೈಟರ್‌ಗೆ ಬೇಜಾರಾಗಿ, ಮೇಡಂ, ವಿಷಯ ಮೇಲಿಂದ ಶುರುವಾಗುತ್ತೆ ಅಂದ.

"ಗೊತ್ತು ಸರ್. ನಮ್ಮ ಕಡೆ ಹೀಗೇ ಓದೋದು" ಅಂದೆ.

ಮೇಲಿನವರೆಗೂ ಓದಿ, ಮತ್ತೆ ಕೆಳಗಿಳಿದು ಸಹಿ ಹಾಕಿದೆ. ಮುಂದಿನ ಸೋಮವಾರ ಹತ್ತಕ್ಕೆ ಬನ್ನಿ ಅಂದರು.