ಸೈಲೆನ್ಸರ್ ತೆಗೆಸಿದ ಲಾರಿ

ಪಕ್ಕದ ಮನೆಯಾಕೆಯ ಗಂಡನ ಲಾರಿ ಸದ್ದು ಕೇಳಿದ್ರೆ ಸಾಕು, ನನ್ನ ಹೊಟ್ಟ್ಯಾಗೆ ಕಿಚ್ಚು ಇಟ್ಟಂಗಾಗ್ತಿತ್ತು.

ಧರ್ಮಪುರದ ಕಡೆ ಹಳ್ಳಿ ನಮ್ದು. ಆಗ ಎಮರ್ಜೆನ್ಸಿ ಕಾಲ. ನಮ್ಮನೆಯವ್ರೂ ಅವಳ ಗಂಡನೂ ಸ್ವಂತ ಲಾರಿ ಇಟ್ಕಂಡು ಶೇಂಗಾ ಚೀಲ ತುಂಬ್ಕಂಡು ದುರ್ಗದ ಎಣ್ಣೆ ಮಿಲ್ಲಿಗೆ ಹೊಡೀತಿದ್ರು. ಅವನು ಸೈಲೆನ್ಸರ್ ಕಿತ್ತುಹಾಕಿ ಬರೇ ಪೈಪ್ ಬಿಟ್ಟಿದ್ದ. ಲಾರಿ ಇನ್ನೂ ಕೆರೆ ಏರಿ ಆಚೆ ಇರುವಾಗ್ಲೇ ಊರಿಗೆಲ್ಲ ಕೇಳೋದು. ಕೇಳ್ತಿದ್ದಂಗೆ ಅವಳು ಎಸರಿಡೋಳು. ಅವನು ಕೈಕಾಲು ತೊಳ್ಕಂಡು ಕುಂತ್ರೆ ಮುದ್ದೆ ಹೊಗೆಯಾಡ್ತಾ ತಟ್ಟೆಗೆ ಬೀಳೋದು. ಆಮೇಲೆ ಗೋಡೆ ಹತ್ರ ಬಂದು, ನಮ್ಮೋರು ಆರಿದ ಮುದ್ದೆ ಮುಟ್ಟಲ್ಲ ಕಣಕ್ಕ ಅನ್ನೋಳು. ಅವಳ ವಯ್ಯಾರಕ್ಕಿಷ್ಟು ಬೆಂಕಿ ಹಾಕ.

ನಮ್ಮ ಲಾರಿಗೆ ಸೈಲೆನ್ಸರ್ ಇತ್ತಲ್ಲ, ಬೆಕ್ಕು ಬಂದಂಗೆ ಬರೋದು. ಬಾಗ್ಲಾಗೆ ನಿಂತ ಮ್ಯಾಲೇ ನಂಗೆ ಗೊತ್ತಾಗೋದು. ಅಷ್ಟೊತ್ತಿಗೆ ಬೆಳಿಗ್ಗೆ ಮಾಡಿಟ್ಟ ಮುದ್ದೆ ಕಲ್ಲಾಗಿರೋದು. ಇವರು ಎರಡು ತುತ್ತು ಮುರಿದು, ದಾರೀಲಿ ಹೋಟ್ಲಾಗೆ ತಿಂದೆ, ಹಸಿವಿಲ್ಲ ಅಂತ ಎದ್ದುಬಿಡೋರು. ಆರಿದ್ದಕ್ಕೇ ಹಿಂಗೆ ಏಳ್ತಾರೆ ಅಂತ ನಾನು ಒಳಗೊಳಗೇ ಬೇಯ್ತಿದ್ದೆ. ಗಂಡ ನನ್ನ ಕೈಯ್ಯಾಗಿನ ಊಟ ಉಣ್ಣಲಿ ಅಂತಾನೇ ಅಲ್ವಾ, ಅತ್ತೆ ಜೊತೆ ಜಗಳ ಆಡಿ ಬ್ಯಾರೆ ಒಲೆ ಹೂಡಿದ್ದು. ಅತ್ತೆ ಕಿರಿ ಮಗನ ಜೊತೆ ಏರಿ ಇಳಿದು ಊರು ಶುರುವಾಗೋ ಕಡೆ ಇದ್ರು, ನಾವು ಈ ಕೊನೆ. ಆ ಮನೆ ಹೊಸ್ತಿಲು ತುಳಿಯಲ್ಲ ಅಂತ ಇವರು ನಂಗೆ ಮಾತು ಕೊಟ್ಟಿದ್ರು.

ಒಂದ್ಸಾರಿ ಹಳ್ಳ ದಾಟುವಾಗ ಕಲ್ಲು ಬಡಿದು ಸೈಲೆನ್ಸರ್ ಸೀಳಿಹೋಯ್ತು. ಹಿರಿಯೂರಿನ ಗ್ಯಾರೇಜಿಗೆ ಹೊರಟ್ರು. ಹೊಸಾದು ಬ್ಯಾಡ, ಬರೇ ಪೈಪ್ ಬಿಡಿಸ್ರಿ ಅಂತ ನಾನು ಹಟ ಹಿಡಿದೆ. ಪೊಲೀಸ್ರು ಹಿಡೀತಾರೆ ಅಂದ್ರು, ತಲೆ ಸಿಡೀತತೆ ಅಂದ್ರು, ಎತ್ತು ಬೆದರ್ತಾವೆ ಅಂದ್ರು. ಪಕ್ಕದ ಮನೆಯವನ್ನ ಯಾವ ಪೊಲೀಸ್ ಹಿಡಿದ, ಪೈಪ್ ಬಿಟ್ರೆ ಇಂಜಿನ್ ಚೆನ್ನಾಗಿ ಎಳೀತತೆ ಅಂತ ಅವನೇ ಹೇಳ್ತಾನೆ ಅಂದೆ. ಊಹೂಂ, ಜಗ್ಗಲಿಲ್ಲ. ನಾನು ಮಾತು ಬಿಟ್ಟೆ. ಕೊನೆಗೆ ಸೋತು ಪೈಪ್ ಹಾಕಿಸ್ಕಂಡು ಬಂದ್ರು.

ಮುಂದಿನ ಲೋಡ್ ಇಳಿಸಿ ಬರೋ ದಿನ ಮಧ್ಯಾಹ್ನ ಏರಿ ಆಚೆ ನಮ್ಮ ಲಾರಿ ಗುಡುಗ್ತು. ಅಯ್ಯೋ, ನನ್ನ ಸಂಭ್ರಮ ಏನು ಕೇಳ್ತೀರಿ! ಎಸರಿಟ್ಟೆ, ಉರಿ ಹೆಚ್ಚಿಸಿದೆ. ಸದ್ದು ಊರೊಳಗೆ ಬಂತು. ಬಂದಿದ್ದು ಗಕ್ಕನೆ ನಿಂತುಹೋಯ್ತು.

ಪಂಚರ್ ಆಯ್ತೇನೋ ಅಂತ ಹೊರಗೆ ಬಂದೆ. ಪಕ್ಕದ ಮನೆಯಾಕೆ ಗೋಡೆ ಮ್ಯಾಲಿಂದ ಮುಖ ಹಾಕಿ, ಯಾಕಕ್ಕ ಗಾಬರಿ, ನಿಮ್ಮ ಲಾರಿ ಯಾವಾಗ್ಲೂ ನಿಮ್ಮತ್ತೆ ಮನೆ ಮುಂದೆ ನಿಂತೇ ಅಲ್ವಾ ಬರೋದು ಅಂದ್ಲು. ಊರಿಗೆಲ್ಲ ಗೊತ್ತಿತ್ತು, ನನ್ನೊಬ್ಬಳನ್ನ ಬಿಟ್ಟು. ಅವಳ ಮುಂದೆ ನಗಬೇಕಾಯ್ತಲ್ಲ, ಅದೇ ದೊಡ್ಡ ಉರಿ.

ಎಸರು ಕುದಿದು ಬತ್ತಿ, ಮತ್ತೆ ನೀರು ಹಾಕಿದ ಮ್ಯಾಲೆ ಲಾರಿ ಬಂತು. ಬಿಸಿ ಮುದ್ದೆ ಮುಂದಿಟ್ಟೆ. ಎರಡು ತುತ್ತು ಮುರಿದು ತಟ್ಟೆ ಸರಿಸಿದ್ರು.

“ನಿಮ್ಮವ್ವ ಇವತ್ತು ಏನ್ ಸಾರು ಮಾಡಿದ್ರು?” ಅಂದೆ.

ತಲೆ ಎತ್ತಲಿಲ್ಲ. “ಹುರುಳಿ ಸಾರು. ಮೊದ್ಲು ತಂಗಳೇ ಇಕ್ಕೋಳು. ಇವತ್ತು ಸದ್ದು ಕೇಳ್ತಲ್ಲ, ಅವಳೂ ಎಸರಿಟ್ಕಂಡು ಕಾಯ್ತಿದ್ಲು.”

ನನ್ನ ಕಾಲ ಮ್ಯಾಲೆ ನಾನೇ ಕಲ್ಲು ಎತ್ತಿ ಹಾಕ್ಕಂಡಿದ್ದೆ. ಹಟ ಹಿಡಿದು ಪೈಪ್ ಹಾಕಿಸಿದ್ದು ನಾನು, ಬಿಸಿ ಮುದ್ದೆ ಉಣಿಸಿದ್ದು ಅತ್ತೆ. ಅದೂ ನನಗಿಂತ ಮುಂಚೆ. ತಟ್ಟೆ ಎತ್ಕಂಡು ಹೋಗಿ ಎಮ್ಮೆ ಬಾನಿಗೆ ಸುರಿದೆ.

ಅಷ್ಟು ಸಂಕಟ ಆದ್ರೆ ನಾಳೆನೇ ಸೈಲೆನ್ಸರ್ ಹಾಕಿಸ್ತೀನಿ, ಆದ್ರೆ ಅವ್ವನ ಮನೆ ಮುಂದೆ ಗಾಡಿ ನಿಲ್ಸೋದು ಬಿಡಲ್ಲ ಅಂದ್ರು. ಒಲೆ ಉರಿ ಆರಿಸಿ ಎದ್ದು ಬಂದೆ.

“ಬ್ಯಾಡ, ಪೈಪೇ ಇರ್ಲಿ” ಅಂದೆ. “ಅಲ್ಲಿ ಎಷ್ಟು ಹೊತ್ತು ಕುಂತಿದ್ರಿ ಅನ್ನೋದಾದ್ರೂ ನಂಗೆ ಗೊತ್ತಾಗ್ಲಿ.”