ಮಳೆಯಲ್ಲಿ ನೆಟ್ಟ ಕಳ್ಳಿಬೇಲಿ

ಬೊನೇರ್ ದ್ವೀಪದಲ್ಲಿ ಮೊದಲ ಮಳೆ ಬಿದ್ದ ದಿನ ಯಾರ ಬುದ್ಧಿಯೂ ನೆಟ್ಟಗಿರುವುದಿಲ್ಲ. ರುಡ್ಸೆಲ್‌ನದು ಉಳಿದ ದಿನ ನೆಟ್ಟಗಿರುತ್ತದೆಂದು ಅವನೂ ಸೇರಿದಂತೆ ಯಾರೂ ಹೇಳಿದ್ದಿಲ್ಲ. ವಾರವಿಡೀ ಕಡಲಲ್ಲಿ ಮುಳುಗುವ ಪ್ರವಾಸಿಗರ ಸಿಲಿಂಡರಿಗೆ ಗಾಳಿ ತುಂಬುವುದು ಅವನ ಕೆಲಸ. ಭಾನುವಾರ ದೊಡ್ಡಮ್ಮನ, ಅಂದರೆ ತಿಯಾ ಎಮೆರೆನ್ಸಿಯಾಳ ಹೊಲ.

ತಿಯಾ ಜೋಳ ಬಿತ್ತಿದ್ದಳು. ಬೇಲಿಯ ಒಂದು ಮೂಲೆಯನ್ನು ಯಾವುದೋ ಬೀಡಾಡಿ ಕತ್ತೆ ಕೆಡವಿತ್ತು. ಆಚೆಗೆ ನೆರೆಮನೆಯ ಮಾವ, ಅಂದರೆ ಓಂಪಿ ನೆಲ್ಚೋನ ಆಡುಗಳು, ವರ್ಷದ ಮುಕ್ಕಾಲು ಭಾಗ ಒಣಮುಳ್ಳು ಮೆದ್ದು ಹಸಿದವು. ಜೋಳ ಹೋದರೆ ತಿಯಾಳಿಗೆ ವರ್ಷವಿಡೀ ಅಂಗಡಿ ಹಿಟ್ಟಿನ ಮುದ್ದೆಯೇ ಗತಿ. ಬಿದ್ದ ಮೂಲೆಯಲ್ಲಿ ನೆಡಲು ರುಡ್ಸೆಲ್ ಉದ್ದುದ್ದ ಕಳ್ಳಿಕಂಬಗಳನ್ನು ಕಡಿದು ತಂದ.

"ಕಡಿದ ಕಳ್ಳೀನ ನೆರಳಲ್ಲಿ ಮಲಗಿಸು. ಗಾಯ ಒಣಗ್ಲಿ, ಆಮೇಲೆ ನೆಡು," ಎಂದಳು ತಿಯಾ.

"ಮಳೆ ಬರ್ತಿದೆ ತಿಯಾ! ಈಗ ನೆಟ್ರೆ ನೀರು ಹಾಕೋ ಕೆಲ್ಸಾನೇ ಇಲ್ಲ."

"ಕಳ್ಳಿಗೆ ನೀರು ಹಾಕೋಕೆ ಹೊರಟ ಮೊದಲ್ನೇ ಗಂಡಸು ನೀನೇ ಕಣೋ."

ಅವನು ಹಾಡುತ್ತಾ ನೆಟ್ಟ. ಗುಡ್ಡಗಳು ನೋಡನೋಡುತ್ತ ಹಸಿರಾದವು, ಏಡಿಗಳು ರಸ್ತೆ ದಾಟಿದವು, ಜೋಳ ಪಾದ ಮುಚ್ಚುವಷ್ಟು ಬೆಳೆಯಿತು. ಸಾಲಾಗಿ ನಿಂತ ಬೇಲಿಯ ಫೋಟೋ ಸಿಲಿಂಡರ್ ಅಂಗಡಿಯ ಜೊತೆಗಾರರಿಗೆಲ್ಲ ತಲುಪಿತು. ಮತ್ತೊಂದು ಫೋಟೋಗೆಂದು ಅವನು ಕೋಲಿನಿಂದ ಒಂದು ಕಂಬವನ್ನು ತಟ್ಟಿದ್ದೇ ತಡ, ಹಸಿ ಗಾಯಕ್ಕೆ ನೀರಿಳಿದಿದ್ದ ಅದರ ಬುಡ, ಕೊಳೆತ ಬಾಳೆಹಣ್ಣಿನಂತೆ ಪಿಚಕ್ಕೆಂದಿತು. ಒಂದರ ಹಿಂದೊಂದು ಇಡೀ ಸಾಲು ಒರಗಿತು. ಓಂಪಿಯ ಒಂಟಿಕೊಂಬಿನ ಆಡು ಅದರ ಮೇಲೆಯೇ ಹಾರಿ ಬಂದು ಜೋಳದ ಮೊದಲ ಸಾಲನ್ನು ನುಣ್ಣಗೆ ಬೋಳಿಸಿತು.

ಓಂಪಿ ನೆಲ್ಚೋ ನಕ್ಕ. "ಬೇಲಿ ಮಲಗಿಬಿಟ್ಟಿದ್ಯಲ್ಲೋ, ರಾತ್ರಿ ಪಾಳಿನಾ?"

"ನಿಮ್ಮ ಆಡು ಕಟ್ಟಿಹಾಕಿ ಓಂಪಿ!"

"ನಮ್ಮಲ್ಲಿ ಬೇಲಿ ಇರೋದು ಜೋಳಕ್ಕೆ. ಆಡಿಗಲ್ಲ, ಮಗಾ."

ರುಡ್ಸೆಲ್ ಹೊಸ ಕಳ್ಳಿ ಕಡಿದು, ಈ ಸಲ ನೆರಳಲ್ಲಿ ಮಲಗಿಸಿದ. ಗಾಯ ಒಣಗುವವರೆಗೆ ಬೇಲಿ ಯಾರು? ಹಗಲು ತಿಯಾ, ಕೆಲಸ ಮುಗಿಸಿ ಬಂದ ಮೇಲೆ ಅವನು. ಬೇಲಿಯ ಸಂದಿನಲ್ಲಿ ಕೈಚಾಚಿ ನಿಂತು, ಆಡು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಸಿಲಿಂಡರಿಗೆ ತುಂಬಿದ್ದಕ್ಕಿಂತ ಹೆಚ್ಚು ಗಾಳಿ ಆ ದಿನಗಳಲ್ಲಿ ಅವನ ಎದೆಯಿಂದ ಹೊರಬಿತ್ತು. ಕೊನೆಗೆ ಒಣಗಿದ ಕಂಬಗಳು ನೆಲ ಹಿಡಿದವು. ಒಂಟಿಕೊಂಬು ಒಮ್ಮೆ ಮೂತಿ ಚುಚ್ಚಿಸಿಕೊಂಡು ಬೇರೆ ದಾರಿ ನೋಡಿಕೊಂಡಿತು.

ಕೊಯ್ಲಾಯಿತು. ತಿಯಾ ಬಿಸಿ ಮುದ್ದೆ ಬಡಿಸಿದಳು. ರುಡ್ಸೆಲ್‌ನ ತಟ್ಟೆಯಲ್ಲಿ ನಿಂಬೆಗಾತ್ರದ್ದು.

"ಇಷ್ಟೇನಾ ತಿಯಾ?"

"ಮೊದಲ್ನೇ ಸಾಲು ನಿಂದಾಗಿತ್ತು. ಉಳಿದದ್ದನ್ನ ಆ ಒಂಟಿಕೊಂಬಿನ ಹತ್ರ ಕೇಳ್ಕೋ," ಎಂದು ತಿಯಾ ಮೀನಿನ ಸಾರನ್ನು ಮಾತ್ರ ಧಾರಾಳವಾಗಿ ಸುರಿದಳು.