ಮುಂದಿನ ಚಳಿಗೆಂದು ಮಡಿಸಿಟ್ಟ ಎರಡಿಂಚು

ಬೆಳಗಿನ ಐದು ಗಂಟೆ. ಅಮೆರಿಕದ ಜಾರ್ಜಿಯಾ ರಾಜ್ಯದ ಲಾರೆನ್ಸ್‌ವಿಲ್‌ನ ಈ ಬೀದಿಯಲ್ಲಿ ಇನ್ನೂ ಒಂದು ಗ್ಯಾರೇಜಿನ ಬಾಗಿಲೂ ತೆರೆದಿಲ್ಲ. ನೀಲಗಂಗಾ ಬಾದಾಮಿ ಬೇಸ್‌ಮೆಂಟಿನ ನೆಲಕ್ಕೆ ಚಾಪೆ ಹಾಸಿ, ಒಂದು ಕಾಲು ಮಡಚಿ ಒಂದು ಕಾಲು ಚಾಚಿ, ಕೌದಿಯ ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಕೂತಿದ್ದಾರೆ. ಏಳಡಿ ಅಗಲ, ಒಂಬತ್ತಡಿ ಉದ್ದದ ಕೌದಿ. ಮೇರಿಲ್ಯಾಂಡಿನ ಕೊಲಂಬಿಯಾದ ಗ್ಯಾಲರಿಯೊಂದರಲ್ಲಿ ಹನ್ನೊಂದು ವಾರ ಗೋಡೆಯ ಮೇಲೆ ತೂಗಿ, ತನ್ನದೇ ಭಾರಕ್ಕೆ ಒಂದು ಮೂಲೆ ಜಗ್ಗಿಕೊಂಡು ವಾಪಸು ಬಂದಿದೆ. ಮುಂದಿನ ತಿಂಗಳು ಅಟ್ಲಾಂಟಾದಲ್ಲಿ ಮತ್ತೆ ತೂಗಬೇಕು. ಅಷ್ಟರೊಳಗೆ ಮೂಲೆ ರಿಪೇರಿಯಾಗಬೇಕು.

ಕೌದಿಯ ನಡುವೆ ಕಟ್ಟುವ ಪುಟ್ಟ ಅಂಗಿ ಪಕ್ಕದ ಸ್ಟೂಲಿನ ಮೇಲಿದೆ. ಒಳಗೆ ಹತ್ತಿ ತುಂಬಿದ, ಒಂದು ಕಾಲಕ್ಕೆ ಗುಲಾಬಿ ಬಣ್ಣದ್ದಾಗಿದ್ದ ಕೊರಿಯಾದ ಕೂಸಿನ ಅಂಗಿ. ಎಡತೋಳು ಬಲತೋಳಿಗಿಂತ ಎರಡಿಂಚು ಉದ್ದ. ಅದಕ್ಕೆ ಪಿನ್ ಚುಚ್ಚಿದ ಚೀಟಿಯಲ್ಲಿ ಪ್ರದರ್ಶನ ಏರ್ಪಡಿಸಿದ ಕ್ಯುರೇಟರ್ ಬರೆದಿದ್ದಾರೆ: ನೋಡಲು ಸಮವಾಗಿರಲಿ, ಬಲತೋಳಿನ ಮಡಿಕೆಯನ್ನೂ ಬಿಚ್ಚಿ ಇಸ್ತ್ರಿ ಮಾಡಿಬಿಡಿ.

‘ಈ ಚೀಟಿ ಬಂದು ಇಪ್ಪತ್ತು ದಿನಾ ಆತು,’ ಎನ್ನುತ್ತಾರೆ ನೀಲಗಂಗಾ, ಸೂಜಿಯಿಂದ ಕಣ್ಣೆತ್ತದೆ. ‘ಇಪ್ಪತ್ತು ದಿನದಾಗ ಅಂಗಡ್ಯಾಗ ನಾನೂರು ಪ್ಯಾಂಟು ಗಿಡ್ಡ ಮಾಡೇನಿ. ಈ ಒಂದು ತೋಳು ಮಾತ್ರ ಮುಟ್ಟಂಗಿಲ್ಲ.’

ಮೆಟ್ಟಿಲ ಮೇಲೆ ಚಹಾದ ಲೋಟ ಹಿಡಿದು ನಿಂತ ಗಂಡ ಸೋಮಲಿಂಗಪ್ಪ, ಕಾರ್ಖಾನೆಯಿಂದ ನಿವೃತ್ತರಾದ ಎಂಜಿನಿಯರು, ಸುಮ್ಮನಿರುವವರಲ್ಲ. ‘ನನ್ನ ಅಂಗಿ ಗುಂಡಿ ಉದುರಿ ಆರು ತಿಂಗಳಾತು. ಅದನ್ನೂ ಗ್ಯಾಲರಿಗೆ ಕೊಟ್ಟಿದ್ರ ಇಷ್ಟೊತ್ತಿಗೆ ಹಚ್ಚಿ ಕೊಡ್ತಿದ್ಲು.’

‘ಅಂಗಿ ಯಾಕ, ನಿಮ್ಮನ್ನ ಕೊಡ್ತೀನಿ. ಹಳೇ ಸಾಮಾನು ಅವರಿಗೆ ಬೇಕಾಗಿರ್ತಾವು.’

ಐವತ್ತೆಂಟರ ನೀಲಗಂಗಾ ಗುಳೇದಗುಡ್ಡದವರು. ತಾಯಿ ಊರವರ ಮನೆಗಳಿಗೆ ಕೌದಿ ಹೊಲಿದುಕೊಡುತ್ತಿದ್ದರು. ಹಳೆಯ ಸೀರೆ, ಧೋತರ, ಕೂಸಿನ ಕುಂಚಿಗೆ, ಹರಿದ ಅಂಗಿ ಎಲ್ಲವನ್ನೂ ಗಂಟು ಕಟ್ಟಿ ತಂದು ಜಗಲಿಗೆ ಹಾಕಿದವರಿಗೆ ಆಕೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ‘ಇದು ಯಾರದು, ಇದು ಯಾರದು ಅಂತ ಒಂದೊಂದಾಗಿ ಕೇಳಾಕಿ ನಮ್ಮವ್ವ. ಹೆಸರು ಹೇಳಾಕ ಬರಲಿಲ್ಲಂದ್ರ ಆ ಅರಿವಿ ಬದಿಗಿಡಾಕಿ. ಯಾರ ಮೈಗೆ ಹತ್ತಿದ್ದು ಅಂತ ಗೊತ್ತಿಲ್ಲದ್ದನ್ನ ನಾವು ಹೆಂಗ ಹೊಚಗೊಳ್ಳೂದು ಅನ್ನಾಕಿ.’ ಮಗಳೂ ಅದನ್ನೇ ಪಾಲಿಸುತ್ತ ಬಂದಿದ್ದಾರೆ.

೧೯೯೯ರಲ್ಲಿ ಗಂಡನ ಜೊತೆ ಜಾರ್ಜಿಯಾಕ್ಕೆ ಬಂದಾಗ ಅವರ ವೀಸಾದಲ್ಲಿ ಇದ್ದ ಪದ ‘ಅವಲಂಬಿತೆ’. ಹನ್ನೊಂದು ವರ್ಷ ಒಂದು ಗುಂಡಿ ಹಚ್ಚಿ ಸಂಬಳ ಪಡೆಯುವ ಹಕ್ಕೂ ಇರಲಿಲ್ಲ. ಹದಿನಾಲ್ಕರ ವಯಸ್ಸಿಗೇ ಸೂಜಿ ಹಿಡಿದು ಮನೆ ನಡೆಸಿದ ಹೆಂಗಸನ್ನು ಒಂದು ಕಾಗದ ಹನ್ನೊಂದು ವರ್ಷ ಕೈಕಟ್ಟಿ ಕೂರಿಸಿತು. ಹಸಿರು ಕಾರ್ಡು ಬಂದ ಮರುವಾರವೇ ಅವರು ಕೊರಿಯಾದ ಕುಟುಂಬವೊಂದು ನಡೆಸುವ ಆಲ್ಟರೇಷನ್ ಅಂಗಡಿ ಸೇರಿದರು. ಅಲ್ಲಿ ಈಗ ಹದಿನೈದನೆಯ ವರ್ಷ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ದಿನಕ್ಕೆ ಇಪ್ಪತ್ತು, ಇಪ್ಪತ್ತೈದು ಬಟ್ಟೆ. ಕೌದಿಗೆ ಉಳಿಯುವುದು ಬೆಳಗಿನ ಮೂರೂವರೆ ತಾಸು ಮಾತ್ರ.

ಆ ಅಂಗಡಿಗೇ ಬಂದವರು ಕ್ಯಾರನ್ ಹಾಲೋವೇ. ಉತ್ತರ ಕ್ಯಾರೊಲಿನಾದ ಕ್ಯಾರಿಯಲ್ಲಿರುವ ಕಲಾವಿದೆ. ಇಲ್ಲಿಯ ಕಾಲೇಜಿನಲ್ಲಿ ಓದುವ ಮಗಳು ಹ್ಯಾನಾಳಿಗೆ ಕೊರಿಯಾದ ಹಬ್ಬದ ಉಡುಪು ಸರಿ ಮಾಡಿಸಲು ಬಂದವರು, ಕುರ್ಚಿಯ ಮೇಲೆ ಮಡಿಸಿಟ್ಟಿದ್ದ ಕೌದಿ ನೋಡಿ ನಿಂತರು. ಅದನ್ನು ಯಾರ ಯಾರ ಬಟ್ಟೆಯಿಂದ ಮಾಡಿದ್ದು ಎಂದು ನೀಲಗಂಗಾ ತೋರಿಸುತ್ತ ಹೋದರು. ಮಾವನ ಧೋತರ, ಮಗಳು ಪ್ರತಿಭಾಳ ಮೊದಲ ಫ್ರಾಕು, ಹೀಗೆ. ಕ್ಯಾರನ್ ಅಲ್ಲೇ ಕೇಳಿದರಂತೆ: ‘ನನಗೊಂದು ಹೊಲಿದುಕೊಡ್ತೀರಾ? ನನ್ನ ಕುಟುಂಬದ್ದು, ಒಂದು ಪ್ರದರ್ಶನಕ್ಕೆ.’

ಆ ಕುಟುಂಬದ ಕತೆ ಸರಳವಲ್ಲ. ಕ್ಯಾರನ್ ೧೯೭೯ರ ಮಾರ್ಚ್‌ನಲ್ಲಿ, ಹದಿನಾರು ತಿಂಗಳ ಕೂಸಾಗಿದ್ದಾಗ, ಸಿಯೋಲ್‌ನಿಂದ ವಿಮಾನದಲ್ಲಿ ಬಂದಿಳಿದವರು. ದತ್ತು ತೆಗೆದುಕೊಂಡವರು ದಕ್ಷಿಣ ಕ್ಯಾರೊಲಿನಾದ ಗಿರಣಿ ಊರೊಂದರ ಡೊರೊಥಿ ಮತ್ತು ಆಕೆಯ ಗಂಡ. ಡೊರೊಥಿಯ ಏಪ್ರನ್ನು, ಕ್ಯಾರನ್‌ರ ಶಾಲೆಯ ಸ್ಕರ್ಟು, ಹ್ಯಾನಾಳ ಟೀ ಶರ್ಟುಗಳು ಸೇರಿ ಇನ್ನೂರ ಹದಿನಾಲ್ಕು ತುಂಡು. ಒಂದೊಂದಕ್ಕೂ ‘ಇದು ಯಾರದು’ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು. ಕೊನೆಗೆ ಉಳಿದದ್ದು ಕ್ಯಾರನ್ ಬಂದಿಳಿದಾಗ ತೊಟ್ಟಿದ್ದ ಆ ಅಂಗಿ. ಅದನ್ನು ಯಾರು ಹೊಲಿದರು? ಕ್ಯಾರನ್ ದತ್ತು ಸಂಸ್ಥೆಯ ಫೈಲು ತೋರಿಸಿದರು. ಹುಟ್ಟಿ ಮೂರು ದಿನಕ್ಕೆ ಪೊಲೀಸ್ ಠಾಣೆಯ ಮೆಟ್ಟಿಲ ಮೇಲೆ ಸಿಕ್ಕ ಮಗು. ತಂದೆತಾಯಿ ತಿಳಿದಿಲ್ಲ. ಅಲ್ಲಿಂದ ಸಂಸ್ಥೆಯ ಆರೈಕೆಯಲ್ಲೇ ಬೆಳೆದದ್ದು. ಒಂದು ಪುಟ, ಟೈಪ್ ಮಾಡಿದ ಏಳು ಸಾಲು.

ಅಂಗಿ ಕೈಗೆ ಬಂದ ದಿನ ನೀಲಗಂಗಾ ಒಂದು ತಪ್ಪು ಮಾಡಿದರು. ಅದನ್ನು ಅವರು ಯಾರಿಂದಲೂ ಮುಚ್ಚಿಟ್ಟಿಲ್ಲ. ಅಂಗಡಿಗೆ ಮಕ್ಕಳ ಬಟ್ಟೆ ಬಂದರೆ ತೋಳಿನ ಒಳಮಡಿಕೆ ಬಿಚ್ಚಿ ಉದ್ದ ಮಾಡುವುದೇ ಅವರ ನಿತ್ಯದ ಕೆಲಸ. ಕೈಗೆ ಅದೇ ರೂಢಿ. ಕೌದಿಯ ಮೇಲೆ ಸಪಾಟಾಗಿ ಕೂರಲಿ ಎಂದು ಎಡತೋಳಿನ ಮಡಿಕೆಯನ್ನು ಪೂರ್ತಿ ಬಿಚ್ಚಿ, ಇಸ್ತ್ರಿಯನ್ನೂ ಎಳೆದುಬಿಟ್ಟರು. ಬಲತೋಳಿಗೆ ಕತ್ತರಿಯ ತುದಿ ಇಟ್ಟಾಗ ಬೆರಳು ನಿಂತಿತು.

‘ದಾರದ ತುದಿಗೆ ಗಂಟ ಇರಲಿಲ್ರಿ. ಗಂಟು ಹಾಕಿದ್ರ ಕೂಸಿನ ಮೈಗೆ ಚುಚ್ಚತೈತಿ ಅಂತ, ಮೂರು ಸಲ ಹಿಂದಕ್ಕ ಹೊಲದು ಬಿಟ್ಟಾಳ. ಕಾರ್ಖಾನಿಯಾಗ ಹಂಗ ಯಾರೂ ಮಾಡಂಗಿಲ್ಲ. ಕನ್ನಡಕ ಹಾಕ್ಕೊಂಡು ಮತ್ತ ನೋಡಿದೆ. ಮಡಿಕಿ ಎರಡು ಇದ್ದುವು. ಒಂದನ್ನ ಯಾವಾಗೋ ಬಿಚ್ಚಿ ಉದ್ದ ಮಾಡ್ಯಾರ. ಹಳೇ ತೂತಿನ ಸಾಲು ಇನ್ನೂ ಕಾಣತೈತಿ. ಆಮ್ಯಾಲೆ ಅಂಚು ಹಾಕಿದ್ದೂ ಅದ ಕೈ. ಅಲ್ಲೂ ಗಂಟಿಲ್ಲ. ಎರಡನೇದ್ದು ಹಂಗ ಐತಿ, ಮುಂದಿನ ಚಳಿಗೆ ಇರಲಿ ಅಂತ.’

ಇದರ ಅರ್ಥ ಬಿಡಿಸಿ ಹೇಳುವ ಅಗತ್ಯವಿಲ್ಲ, ಆದರೂ ಹೇಳಬೇಕು, ಏಕೆಂದರೆ ಹೇಳಬೇಕಾದವರು ಹೇಳಿಲ್ಲ. ಒಂದೇ ಕೈ ಮೊದಲ ಚಳಿಗಾಲದಲ್ಲಿ ಅಂಗಿ ಹೊಲಿದಿದೆ, ಮಗು ಬೆಳೆದಂತೆ ಎರಡನೆಯ ಚಳಿಗಾಲದಲ್ಲಿ ತೋಳು ಇಳಿಸಿದೆ, ಮೂರನೆಯ ಚಳಿಗೂ ಬಟ್ಟೆ ಮಡಿಸಿಟ್ಟಿದೆ. ಮೂರನೆಯ ದಿನಕ್ಕೆ ಮೆಟ್ಟಿಲ ಮೇಲೆ ಬಿದ್ದಿದ್ದ ಮಗುವಿಗೆ ಈ ಕೈ ಎಲ್ಲಿಂದ ಬಂತು? ಫೈಲಿನ ಏಳು ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ಕ್ಯಾರನ್‌ಗೆ ಪರಿಚಯವಿರುವ, ಬೇರೆ ಬೇರೆ ಊರುಗಳಲ್ಲಿ ಬೆಳೆದ ಇನ್ನಿಬ್ಬರು ದತ್ತು ಮಕ್ಕಳ ಫೈಲಿನಲ್ಲೂ ಅಕ್ಷರ ಬಿಡದೆ ಅದೇ ಏಳು ಸಾಲು ಇವೆಯಂತೆ. ಮೂವರು ಹೆಣ್ಣುಮಕ್ಕಳು, ಒಂದೇ ಮೆಟ್ಟಿಲು. ಇದನ್ನು ಟೈಪ್ ಮಾಡಿದವರಿಗೆ ಬೇರೆ ಸುಳ್ಳು ಹುಡುಕುವಷ್ಟು ತಾಳ್ಮೆಯೂ ಇರಲಿಲ್ಲ.

ಅಂದೇ ಫೋನು ಹೋಯಿತು. ಕ್ಯಾರನ್ ಮರುದಿನ ಆರು ಗಂಟೆ ಡ್ರೈವ್ ಮಾಡಿಕೊಂಡು ಬಂದು, ಬೇಸ್‌ಮೆಂಟಿನ ಚಾಪೆಯ ಮೇಲೆ ಕೂತು, ಬಲತೋಳಿನ ಮಡಿಕೆಯನ್ನು ಬಹಳ ಹೊತ್ತು ನೋಡಿದರು. ತೋಳಿನಲ್ಲಿ ಕಂಡದ್ದನ್ನು ತಿಳಿಸಿ ಕ್ಯುರೇಟರಿಗೆ ಪತ್ರ ಬರೆದದ್ದೂ ಅವರೇ. ಮಾರುತ್ತರ ಬರಲಿಲ್ಲ. ಏಳು ತಿಂಗಳಲ್ಲಿ ಕೌದಿ ಮುಗಿಯಿತು.

ಕಳೆದ ವಸಂತದಲ್ಲಿ ಕೊಲಂಬಿಯಾದ ಪ್ರದರ್ಶನಕ್ಕೆ ನೀಲಗಂಗಾ ಮೊದಲ ಬಾರಿಗೆ ಅಂಗಡಿಗೆ ರಜೆ ಹಾಕಿ, ಪ್ರತಿಭಾಳ ಕಾರಿನಲ್ಲಿ ಹೋದರು. ವೈನಿನ ಗ್ಲಾಸು ಹಿಡಿದವರ ನಡುವೆ ಇಳಕಲ್ ಸೀರೆಯುಟ್ಟು ನಿಂತು ಗೋಡೆಯ ಫಲಕ ಓದಿದರು. ‘ಪರಿತ್ಯಕ್ತ ಶಿಶುವಿಗೆ ಸಂಸ್ಥೆ ತೊಡಿಸಿದ ಅಂಗಿ. ಹಳೆಯ ಬಟ್ಟೆ, ಹತ್ತಿ ದಾರ, ಕೈಹೊಲಿಗೆ.’ ಬಾಗಿಲ ಬಳಿಯ ಇನ್ನೊಂದು ಫಲಕದಲ್ಲಿ ಕೃತಜ್ಞತೆಗಳು. ದೀಪ ಹಾಕಿದವರು, ಗೋಡೆಗೆ ಬಣ್ಣ ಬಳಿದವರು, ವೈನು ಕೊಟ್ಟವರು ಸೇರಿ ಹದಿಮೂರು ಹೆಸರು. ಅದರಲ್ಲಿ ಅವರದು ಇರಲಿಲ್ಲ.

ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವ ಪ್ರತಿಭಾ ಸಿಡಿದಳು. ‘ಅವ್ವಾ, ಕೈಹೊಲಿಗೆ ಅಂತೆ. ಯಾರ ಕೈ? ದಿಸ್ ಈಸ್ ನಾಟ್ ಓಕೆ. ನಾನು ಈಗ್ಲೇ ಹೋಗಿ ಕಂಪ್ಲೇನ್ ಮಾಡ್ತೀನಿ.’

‘ನನ್ನ ಹೆಸರಿಂದು ಆಮ್ಯಾಲೆ ನೋಡೂಣು,’ ಎಂದರು ತಾಯಿ. ‘ಮೊದಲ ಆ ಬಿಟ್ಟುಹೋದ ಕೂಸು ಅನ್ನೂದು ತೆಗಸು. ಅದು ಅಂಗಿ ಹೊಲದಾಕಿಗೆ ಬೈದಂಗ ಆತು.’

ಫಲಕ ಮುದ್ರಣವಾಗಿದೆ, ಈಗ ಬದಲಿಸಲಾಗದು ಎಂಬ ಉತ್ತರ ಬಂತು. ಹನ್ನೊಂದು ವಾರ ಆ ಪದ ಅಲ್ಲೇ ಇತ್ತು. ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಂದಿರನ್ನು ಕಾಗದಗಳು ಅಳಿಸಿಹಾಕಿದ್ದನ್ನು ತೋರಿಸಲೆಂದೇ ಏರ್ಪಡಿಸಿದ ಪ್ರದರ್ಶನ ಅದು. ಅದೇ ಕಾಗದದ ಮಾತನ್ನು ಅಲ್ಲೇ ದೊಡ್ಡ ಅಕ್ಷರದಲ್ಲಿ ಅಂಟಿಸಿದವರಿಗೆ ಏನೂ ಅನ್ನಿಸಲಿಲ್ಲ. ಆಮೇಲೆ ಬಂದದ್ದು ತೋಳು ಸಮ ಮಾಡಿ ಎಂಬ ಚೀಟಿ. ಬಲತೋಳೂ ಬಿಚ್ಚಿದರೆ ಆ ಹೊಲಿಗೆಯನ್ನು ಯಾರೂ ಎಂದೂ ನೋಡಲಾರರು. ಫೈಲು ಮಾತ್ರ ಉಳಿಯುತ್ತದೆ.

ಹೋದ ಗುರುವಾರ ಅಟ್ಲಾಂಟಾದಲ್ಲಿ ಕ್ಯುರೇಟರ್, ಕ್ಯಾರನ್, ಹ್ಯಾನಾ ಎಲ್ಲರೂ ಮಾತಿಗೆ ಕೂತರು. ನೀಲಗಂಗಾ ಅಂಗಿಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಾವೇ ಕೊಂಡೊಯ್ದಿದ್ದರು. ಕ್ಯುರೇಟರ್ ಸಭ್ಯ ಮನುಷ್ಯ, ದನಿ ಏರಿಸುವವರಲ್ಲ. ನೀವು ಬಟ್ಟೆಗಳ ಸಂರಕ್ಷಣೆಯಲ್ಲಿ ತರಬೇತಿ ಪಡೆದಿದ್ದೀರಾ ಎಂದು ಕೇಳಿದರು. ಇಲ್ಲ, ಆಲ್ಟರೇಷನ್ ಕೆಲಸ ಎಂದರು ಇವರು. ಎಡತೋಳು ಈಗಾಗಲೇ ಕೆಟ್ಟಿದೆಯಲ್ಲ ಎಂದರು ಅವರು. ಹೌದು, ಕೆಡಿಸಿದ್ದು ನಾನೇ, ಅದಕ್ಕೇ ಬಲತೋಳು ಮುಟ್ಟುವುದಿಲ್ಲ ಎಂದರು ಇವರು. ಹೊಲಿದವರು ಸಂಸ್ಥೆಯ ಯಾರೋ ಆಯಾ ಇರಬಹುದಲ್ಲವೇ, ತಾಯಿಯೇ ಎಂದು ಹೇಗೆ ಹೇಳುತ್ತೀರಿ ಎಂದು ಅವರು ಮತ್ತೆ ಕೇಳಿದರು.

‘ನಾ ತಾಯಿ ಅಂತ ಹೇಳೇ ಇಲ್ರಿ,’ ಎಂದು ಆ ಮಾತನ್ನು ಈಗ ಮನೆಯಲ್ಲಿ ಕನ್ನಡದಲ್ಲಿ ಮತ್ತೆ ಹೇಳುವಾಗಲೂ ಅವರ ಮೂಗಿನ ಹೊಳ್ಳೆ ಅದುರುತ್ತದೆ. ‘ಆಯಾನ ಇರಲಿ ಬಿಡ್ರಿ. ಹಂಗಾದ್ರ ಆಕಿ ಹೆಸರರ ಬರೀರಿ ಅಂದೆ. ಯಾವಾಕಿನೋ ಒಬ್ಬಾಕಿ, ಮುಂದಿನ ಚಳಿಗೂ ಈ ಕೂಸು ನನ್ನ ಹತ್ರನ ಇರತೈತಿ ಅಂತ ತಿಳಕೊಂಡಿದ್ಲು. ಆಕಿಗೆ ಕೇಳಿ ಒಯ್ದರೋ, ಕೇಳದ ಒಯ್ದರೋ ನನಗ ಗೊತ್ತಿಲ್ಲ. ಆಕಿ ಬಿಟ್ಟು ಹೋಗಿಲ್ಲ, ಅಷ್ಟು ಗೊತ್ತು.’

ಆಗ ಹ್ಯಾನಾ ತನ್ನ ಕಿರುಬೆರಳನ್ನು ಬಲತೋಳಿನ ಮಡಿಕೆಯೊಳಗೆ ತೂರಿಸಿ ನೋಡಿದಳಂತೆ. ‘ನಿಮಗೆ ಪತ್ರ ಬರೆದವಳೂ ನಾನೇ, ಆಮೇಲೆ ಆ ಫಲಕಕ್ಕೆ ಒಪ್ಪಿಗೆ ಕೊಟ್ಟವಳೂ ನಾನೇ,’ ಎಂದರು ಕ್ಯಾರನ್. ‘ನಲವತ್ತಾರು ವರ್ಷ ನನ್ನ ಬಗ್ಗೆ ನನ್ನ ಹತ್ರ ಇದ್ದಿದ್ದು ಆ ಏಳು ಸಾಲು. ಅದೂ ಸುಳ್ಳಾದ್ರೆ ಕೈಯಲ್ಲಿ ಏನೂ ಉಳಿಯೋದಿಲ್ಲ ಅಂತ ಭಯ ಇತ್ತು. ಈಗ ಆ ಒಪ್ಪಿಗೆ ವಾಪಸ್ ತಗೊಳ್ತಿದ್ದೀನಿ. ತೋಳು ಹೀಗೇ ಇದ್ರೆ ಕೌದಿ ಬರುತ್ತೆ. ಇಲ್ದಿದ್ರೆ ಬರೋದಿಲ್ಲ.’

ತೋಳು ಹಾಗೇ ಇರುತ್ತದೆ. ‘ಪರಿತ್ಯಕ್ತ’ ಹೋಗುತ್ತದೆ. ಬಲತೋಳಿನ ಮಡಿಕೆಯನ್ನು ಹೊಲಿದಾಕೆ ಬಿಟ್ಟಂತೆಯೇ ಉಳಿಸಿದೆ ಎಂಬ ಒಂದು ಸಾಲು ಹೊಸ ಫಲಕದಲ್ಲಿ ಬರುತ್ತದೆ. ನೀಲಗಂಗಾ ಅವರ ಹೆಸರು ಬರುವುದಿಲ್ಲ. ತಾಂತ್ರಿಕ ಸಹಾಯ ಮಾಡಿದವರನ್ನು ಕಲಾಕೃತಿಯ ಪಕ್ಕ ಹೆಸರಿಸುವ ಪದ್ಧತಿ ಇಲ್ಲವಂತೆ. ಇನ್ನೂರ ಹದಿನಾಲ್ಕು ತುಂಡು, ಏಳು ತಿಂಗಳ ಬೆಳಗು, ಒಂದು ಫೈಲಿನ ಸುಳ್ಳನ್ನು ಹಿಡಿದ ಬೆರಳು, ಇದೆಲ್ಲ ತಾಂತ್ರಿಕ ಸಹಾಯ. ಕ್ಯಾರನ್ ಇದಕ್ಕೂ ಜಗಳ ಮುಂದುವರಿಸಿದ್ದಾರೆ. ಗೋಡೆ ಬರೆಯದಿದ್ದರೆ ಪತ್ರಿಕೆಯಾದರೂ ಬರೆಯಲಿ: ಆ ಕೌದಿಯನ್ನು ಹೊಲಿದವರು ಗುಳೇದಗುಡ್ಡದ ನೀಲಗಂಗಾ ಸೋಮಲಿಂಗಪ್ಪ ಬಾದಾಮಿ.

ಎಂಟು ಗಂಟೆಯಾಗುತ್ತ ಬಂದಿದೆ. ಮೂಲೆಯ ಕೊನೆಯ ಸಾಲು ಮುಗಿಸಿ, ದಾರ ಕಡಿದು, ಅವರು ಅಂಗಿಯನ್ನು ನಾಲ್ಕು ಕಡೆ ಲಾಡಿ ಬಿಗಿದು ಕೌದಿಯ ನಡುವೆ ಕೂರಿಸುತ್ತಾರೆ. ಒಂದು ತೋಳು ಉದ್ದ, ಒಂದು ಗಿಡ್ಡ. ಇಷ್ಟೆಲ್ಲ ಆದಮೇಲೆ ನಿಮಗೇನು ಆಸೆ ಎಂದು ಕೇಳಿದರೆ ಕನ್ನಡಕ ತೆಗೆದು ಒರೆಸುತ್ತಾರೆ.

‘ಈ ಅಂಗಿ ಹೊಲದಾಕಿ ಇನ್ನೂ ಇದ್ರ ಎಪ್ಪತ್ತು ದಾಟಿರತೈತಿ. ಫೋಟೋದಾಗರ ಇದನ್ನ ನೋಡಲಿ. ತನ್ನ ಹೊಲಿಗಿ ಆಕಿ ಮರಿಯಂಗಿಲ್ಲ. ಎಡಗಡೆ ತೋಳು ಯಾವಾಕಿ ಬಿಚ್ಚಿದಾಕಿ ಅಂತ ಮೊದಲ ಅದನ್ನ ಕೇಳ್ತಾಳ. ನಾನ ಬಿಚ್ಚೀನವಾ, ಬೈಯವಾ ಅಂತೀನಿ. ಆಕಿ ಕಡೆ ಬೈಸ್ಕೊಂಡ್ರ ನನ್ನ ಕೆಲಸ ಮುಗೀತು.’